ಆಲ್ಪ್ಸ್ ಮನೆ: ಗೋಡೆ ಕುಗ್ಗುತ್ತದೆ, ಕಂಬ ಕುಗ್ಗುವುದಿಲ್ಲ

ನಾಳಿದ್ದು ಆರ್ಕಿಟೆಕ್ಚರ್ ಕ್ಲಾಸಿನಲ್ಲಿ ಮತ್ತೆ ಜ್ಯೂರಿ, ಅಂದರೆ ನಮ್ಮ ವಿನ್ಯಾಸವನ್ನು ಪರೀಕ್ಷಕರ ಮುಂದೆ ಒಪ್ಪಿಸುವುದು. ಕಳೆದ ಸಲ ಎಡವಿದ್ದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನಮ್ಮ ಸ್ಟುಡಿಯೋ ವಿಷಯ ಸ್ವಿಟ್ಜರ್ಲೆಂಡಿನ ಗ್ರೌಬುಂಡನ್ ಬೆಟ್ಟದಲ್ಲಿ ಇವತ್ತಿನ ಮನೆ, ಅಲ್ಲಿನ ಹಳೇ ಪದ್ಧತಿಯಲ್ಲಿ.

ಪದ್ಧತಿಯ ಹೆಸರು ಶ್ಟ್ರಿಕ್‌ಬೌ. ಜರ್ಮನ್‌ನಲ್ಲಿ 'ಶ್ಟ್ರಿಕನ್' ಅಂದರೆ ಹೆಣೆಯುವುದು. ಸ್ಪ್ರೂಸ್ ಎಂಬ ಸೂಚಿಪರ್ಣಿ ಮರದ ತೊಲೆಗಳನ್ನು ಅಡ್ಡಕ್ಕೆ ಮಲಗಿಸಿ ಪೇರಿಸುತ್ತಾರೆ, ಮೂಲೆಯಲ್ಲಿ ಕಚ್ಚು ಕೊರೆದು ಸಿಕ್ಕಿಸುತ್ತಾರೆ. ಗೋಡೆಯೇ ಭಾರ ಹೊರುತ್ತದೆ. ಇಲ್ಲಿವರೆಗೆ ಸಲೀಸು.

ನಾನು ಮನೆಯ ನಡುವೆ ಒಂದು ಚೆಂದದ ಕಂಬ ನಿಲ್ಲಿಸಿ ಮಾಡಿನ (ಛಾವಣಿಯ) ತೊಲೆಗೆ ಆಸರೆ ಕೊಟ್ಟಿದ್ದೆ. 'ಐದು ವರ್ಷ ಆದ ಮೇಲೆ ಈ ಮಾಡು ಹೇಗಿರುತ್ತದೆ?' ಅಂತ ಜ್ಯೂರಿಯವರು ಕೇಳಿದರು. ನನ್ನ ಬಾಯಿ ಕಟ್ಟಿತು.

ಮರ ಒಣಗಿದಂತೆ ದಪ್ಪದಲ್ಲಿ, ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ನಮ್ಮನೆ ಬಾಗಿಲು ಉಬ್ಬಿ ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತದೆ, ಮೇಲೆ ತಾಗುವುದಿಲ್ಲ, ಅಲ್ವಾ? ಅದೇ ಲೆಕ್ಕ.

ತೇವಾಂಶ ಶೇ. 1 ಇಳಿದರೆ ಸ್ಪ್ರೂಸ್ ಅಡ್ಡಕ್ಕೆ ಸುಮಾರು ಶೇ. 0.25 ಕುಗ್ಗುತ್ತದೆ, ಉದ್ದಕ್ಕೆ ಸುಮಾರು ಶೇ. 0.01. ತೇವಾಂಶ 15ರಿಂದ 10ಕ್ಕೆ ಇಳಿಯಿತು ಅಂದುಕೊಳ್ಳಿ. 2.5 ಮೀಟರ್ ಎತ್ತರದ ಗೋಡೆ ಪೂರ್ತಿ ಮಲಗಿದ ತೊಲೆಗಳೇ, ಹಾಗಾಗಿ ಸುಮಾರು 31 ಮಿ.ಮೀ. ತಗ್ಗುತ್ತದೆ. ಅಷ್ಟೇ ಎತ್ತರದ ಕಂಬ ತಗ್ಗುವುದು ಒಂದು ಚಿಲ್ಲರೆ ಮಿ.ಮೀ. ಸುತ್ತ ಗೋಡೆ ಇಳಿಯಿತು, ಕಂಬ ನಿಂತೇ ಇದೆ. ಮಾಡು ನಡುವೆ ಗೂನಾಗುತ್ತದೆ! ಎಲ್ಲಾ ಒಂದೇ ಮರ, ಒಟ್ಟಿಗೇ ಕುಗ್ಗುತ್ತದೆ ಅಂತ ನಾನು ಸುಮ್ನೆ ನಂಬಿದ್ದೆ. ಮರ ಒಂದೇ, ಮಲಗಿದ್ದಕ್ಕೂ ನಿಂತಿದ್ದಕ್ಕೂ ವ್ಯತ್ಯಾಸ.

ಕಂಬ ಬೇಕೇ ಬೇಕು ಅಂದರೆ ಬುಡದಲ್ಲಿ ಸ್ಕ್ರೂ ಜಾಕ್ (ತಿರುಗಿಸಿ ಎತ್ತರ ಹೆಚ್ಚು-ಕಡಿಮೆ ಮಾಡುವ ಆಸರೆ) ಇಟ್ಟು ಆಗಾಗ ಇಳಿಸುತ್ತಾ ಹೋಗಬೇಕು. ಕಿಟಕಿ, ಬಾಗಿಲ ಚೌಕಟ್ಟಿನ ಮೇಲೆ ಸಂದು ಬಿಟ್ಟು ಉಣ್ಣೆ ತುಂಬಬೇಕು. ಸಂದು ಮುಚ್ಚುವ ಹಲಗೆಗೆ ಒಂದೇ ಕಡೆ ಮೊಳೆ. ಎರಡೂ ಕಡೆ ಹೊಡೆದರೆ ಹಲಗೆ ಸೀಳುತ್ತದೆ.

ಕಿಟಕಿ ಇನ್ನೊಂದು ತಲೆನೋವು. ತೊಲೆ ಕೊಯ್ದಷ್ಟೂ ಗೋಡೆ ಸಡಿಲ, ಅದಕ್ಕೇ ಹಳೇ ಮನೆಗಳಲ್ಲಿ ಕಿಟಕಿ ಚಿಕ್ಕವು. ವಾಲ್ಸ್ ಊರಿನ ಮೇಲಿರುವ ಲೈಸ್‌ನಲ್ಲಿ ವಾಸ್ತುಶಿಲ್ಪಿ ಪೀಟರ್ ಜುಮ್ಥೋರ್ 2009ರ ಸುಮಾರಿಗೆ ಕಟ್ಟಿದ ಮನೆಗಳಲ್ಲಿ ಉಪಾಯ ಬೇರೆ. ತೊಲೆ ಹೆಣೆದ ಪುಟ್ಟ ಕೋಣೆಗಳು ಪೆಟ್ಟಿಗೆಗಳ ಹಾಗೆ ನಿಂತು ಭಾರ ಹೊರುತ್ತವೆ, ನಡುವಿನ ಜಾಗಕ್ಕೆ ದೊಡ್ಡ ಗಾಜು. ನನಗೆ ಇದು ಜಾಸ್ತಿ ಹಿಡಿಸಿತು. ವ್ರಿನ್ ಹಳ್ಳಿಯಲ್ಲಿ ವಾಸ್ತುಶಿಲ್ಪಿ ಗಿಯೋನ್ ಕಮಿನಾಡಾ ಕಟ್ಟಿದ್ದನ್ನೂ ಜೊತೆಗೆ ನೋಡಿ.

ಮಾಡಿನ ಬಗ್ಗೆ ಒಂದೇ ಮಾತು: ತೀರಾ ಕಡಿದಾಗಿ ಎಳೆಯಬೇಡಿ. ಅಲ್ಲಿ ಹಿಮ ಮಾಡಿನ ಮೇಲೇ ಕೂತಿರಲಿ ಅಂತ ಬಿಡುತ್ತಾರೆ, ಅದರೊಳಗಿನ ಗಾಳಿ ಮನೆಗೆ ಕಂಬಳಿ.

ಮನೆಯನ್ನು ಸೀಳಿದ ಹಾಗೆ ತೋರಿಸುವ ಹೊಸ ಸೆಕ್ಷನ್‌ನಲ್ಲಿ ಕಂಬ ತೆಗೆದು ಎರಡು ಪೆಟ್ಟಿಗೆ ಇಟ್ಟಿದ್ದೇನೆ. ಚಿಮಣಿ ಮಾತ್ರ ಉಳಿದಿದೆ. ಕಲ್ಲು ಕುಗ್ಗುವುದಿಲ್ಲ, ಮಾಡು ಅದರ ಪಕ್ಕದಲ್ಲೇ ಜಾರಿ ಇಳಿಯಬೇಕು, ನೀರೂ ಒಳಗೆ ಬರಬಾರದು. ಆ ಡೀಟೇಲ್ ಇವತ್ತು ರಾತ್ರಿಗೆ.