ಗ್ರೈಂಡರ್‌ಗೆ ಹಲ್ಲಿನ ಬ್ಲೇಡ್ ಹಾಕಬಹುದಾ ಮೇಷ್ಟ್ರೇ?

ಪ್ರಶ್ನೆ: ಮನೆಯಲ್ಲಿ ಕಬ್ಬಿಣ ಕೊಯ್ಯೋ, ಉಜ್ಜೋ ನಾಲ್ಕಿಂಚಿನ ಗ್ರೈಂಡರ್ ಇದೆ ಮೇಷ್ಟ್ರೇ. ಅದಕ್ಕೆ ಮರ ಕೊಯ್ಯೋ ಬ್ಲೇಡ್ ಹಾಕಿದ್ರೆ ಕೊಯ್ಯೋದು, ಉಜ್ಜೋದು ಎಲ್ಲಾ ಒಂದರಲ್ಲೇ ಆಗುತ್ತೆ ಅಲ್ವಾ? ಇನ್ನೊಂದು ಮಷಿನ್ ತಗೊಳ್ಳೋದು ದಂಡ ಅಲ್ವಾ?

ಹಾಕಬೇಡಿ. ಉತ್ತರ ಇಷ್ಟೇ.

ಆದರೆ ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ ಅಂತ ನನಗೆ ಗೊತ್ತು. ವಿದ್ಯಾನಗರದ ನನ್ನ ಶೆಡ್ಡಿಗೆ ಬಂದವರೆಲ್ಲ ಇದನ್ನು ಕೇಳಿದ್ದಾರೆ. ಮಂಡಿಪೇಟೆಯಲ್ಲಿ ಮೊಳೆ ಕೊಳ್ಳುವಾಗ ಪಕ್ಕದಲ್ಲಿ ನಿಂತವರು ಕೇಳಿದ್ದಾರೆ. ಹೋದ ತಿಂಗಳು ಮದುವೆ ಪಂಕ್ತಿಯಲ್ಲಿ ಎಡಗಡೆ ಕೂತವರೂ ಕೇಳಿದರು, ಅನ್ನಕ್ಕೆ ಸಾರು ಬೀಳುವ ಮೊದಲೇ. ದಾವಣಗೆರೆಯಲ್ಲಿ ಗ್ರೈಂಡರ್ ಅಂದರೆ ದೋಸೆ ಹಿಟ್ಟಿನ ಮಾತು ಅಂದುಕೊಂಡು ನಾನು ಒಂದು ಕ್ಷಣ ಖುಷಿಪಟ್ಟೆ. ಅಲ್ಲ, ಇದೇ ಗ್ರೈಂಡರ್. ಬೇಡ ಅಂದೆ. "ಆದ್ರೆ ಬ್ಲೇಡ್ ಮೇಲೆ ಬರೆದಿರ್ತಾರಲ್ಲ..." ಅಂತ ಶುರು ಮಾಡಿದರು. ಆ "ಆದ್ರೆ" ಇದೆಯಲ್ಲ, ಇವತ್ತು ಅದಕ್ಕೇ ಉತ್ತರ.

ಅವರ ವಾದ ಹೀಗೆ. ಬ್ಲೇಡಿನ ಮೇಲೆ 13,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 13,000 ಸುತ್ತು, ಅಂತ ಅಚ್ಚು ಹಾಕಿದೆ. ಗ್ರೈಂಡರ್ ತಿರುಗುವುದು 11,000. ಕಡಿಮೆಯೇ ಆಯಿತು, ಹಾಗಾಗಿ ಸೇಫ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು, ಈ ಕಳೆಯುವ ಲೆಕ್ಕಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಆ ಅಂಕಿ ಹೇಳುವುದೇನು? ಅಷ್ಟು ವೇಗದ ತನಕ ಬ್ಲೇಡ್ ತಾನಾಗಿ ಸಿಡಿದು ಚೂರಾಗುವುದಿಲ್ಲ, ಅಷ್ಟೇ. ಬ್ಲೇಡ್ ಮರಕ್ಕೆ ಕಚ್ಚಿಕೊಂಡಾಗ ಮಷಿನ್ ನಿಮ್ಮ ಕೈಯಲ್ಲೇ ಇರುತ್ತದೆ ಅಂತ ಅದು ಎಲ್ಲೂ ಹೇಳಿಲ್ಲ. ಹಗ್ಗ ಗಟ್ಟಿ ಇದೆ ಅಂದ ಮಾತ್ರಕ್ಕೆ ಹೋರಿ ನಿಮ್ಮ ಮಾತು ಕೇಳುತ್ತದಾ?

ಗ್ರೈಂಡರ್ ಹುಟ್ಟಿದ್ದು ಸವೆಸುವ ಕೆಲಸಕ್ಕೆ. ಕಬ್ಬಿಣ ಕೊಯ್ಯುವ ಚಕ್ರ ಕಬ್ಬಿಣವನ್ನು ಪುಡಿ ಪುಡಿಯಾಗಿ ಉಜ್ಜಿ ತೆಗೆಯುತ್ತದೆ, ಜೊತೆಗೆ ತಾನೂ ಸವೆಯುತ್ತದೆ. ಹಲ್ಲಿನ ಬ್ಲೇಡ್ ಹಾಗಲ್ಲ, ಅದು ಕಚ್ಚುತ್ತದೆ. 40 ಹಲ್ಲು, ನಿಮಿಷಕ್ಕೆ 11,000 ಸುತ್ತು. ಸೆಕೆಂಡಿಗೆ 7,300ಕ್ಕೂ ಜಾಸ್ತಿ ಹಲ್ಲು ಆಯಿತು. ಏನೋ ಎಡವಟ್ಟಾಯಿತು ಅಂತ ತಲೆಗೆ ಹೊಳೆದು ಕೈ ಅಲ್ಲಾಡಲು ಹೆಚ್ಚು ಕಡಿಮೆ ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ 1,800 ಹಲ್ಲು ಹಾದು ಹೋಗಿರುತ್ತವೆ. "ನಾನು ಗಟ್ಟಿಯಾಗಿ ಹಿಡ್ಕೋತೀನಿ" ಅನ್ನುವ ಹುಡುಗರು ಈ ಲೆಕ್ಕವನ್ನು ಇನ್ನೊಮ್ಮೆ ಮಾಡಲಿ.

ಇಲ್ಲಿಗೆ ಬಂದಾಗ ಜಾಣ ವಿದ್ಯಾರ್ಥಿಯೊಬ್ಬ ಕೈ ಎತ್ತುತ್ತಾನೆ. "ಹಾಗಾದ್ರೆ ಸ್ಪೀಡ್ ಇಳಿಸೋ ಗ್ರೈಂಡರ್ ತಗೋತೀನಿ ಸರ್." ಪುಣ್ಯಾತ್ಮ, ಸ್ಪೀಡ್ ಅಲ್ಲ ಕಳ್ಳ. ನಾಲ್ಕಿಂಚಿನ ಗ್ರೈಂಡರಿನಲ್ಲಿ ಬ್ಲೇಡಿನ ಅಂಚು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಮರಕ್ಕೆಂದೇ ಮಾಡಿದ ಏಳಿಂಚಿನ ಸರ್ಕ್ಯುಲರ್ ಸಾ, ಅಂದರೆ ಚಕ್ರದ ಗರಗಸದ ಮಷಿನ್, ನಿಮಿಷಕ್ಕೆ 5,000 ಸುತ್ತು ತಿರುಗಿದರೂ ಅದರ ಅಂಚಿನ ವೇಗ 170ರ ಆಸುಪಾಸಿಗೆ ಬರುತ್ತದೆ. ಅದೂ ಏನು ಎತ್ತಿನ ಗಾಡಿ ಅಲ್ಲ. ವ್ಯತ್ಯಾಸ ಇರುವುದು ಬ್ಲೇಡಿನ ಸುತ್ತ ಏನಿದೆ ಅನ್ನುವುದರಲ್ಲಿ.

ಸರ್ಕ್ಯುಲರ್ ಸಾ ಕೆಳಗೆ ಅಗಲವಾದ ತಗಡಿನ ಪಾದ ಇದೆ. ಅದು ಹಲಗೆಯ ಮೇಲೆ ಕೂರುತ್ತದೆ. ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ, ಹಾಗಾಗಿ ಮಷಿನ್ ಹಲಗೆಗೆ ಒತ್ತಿಕೊಂಡೇ ಸಾಗುತ್ತದೆ. ಗ್ರೈಂಡರ್‌ಗೆ ಪಾದವೇ ಇಲ್ಲ, ಗಾಳಿಯಲ್ಲಿ ತೂಗುತ್ತಿರುತ್ತದೆ. ನಿಮ್ಮ ಮಣಿಕಟ್ಟು ಒಂದು ಕೂದಲೆಳೆ ಹೊರಳಿದರೂ ಬ್ಲೇಡ್ ಸೀಳಿನೊಳಗೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಸಾ ಮಷಿನ್ನಿನ ಕೆಳಗಿನ ಗಾರ್ಡ್ ಸ್ಪ್ರಿಂಗಿನದು, ಎತ್ತಿದ ತಕ್ಷಣ ಹಲ್ಲು ಮುಚ್ಚುತ್ತದೆ. ಗ್ರೈಂಡರಿನ ಗಾರ್ಡ್ ಅರ್ಧ ಮಾತ್ರ. 110 ಮಿಲಿಮೀಟರ್ ಬ್ಲೇಡ್ ಹಿಡಿಸುವುದಿಲ್ಲ ಅಂತ ಆ ಅರ್ಧವನ್ನೂ ಬಿಚ್ಚಿ ಎಸೆಯುವವರು ನೀವೇ. ಆ ಬ್ಲೇಡಿನ ತೂತು 20 ಮಿಲಿಮೀಟರ್, ನಾಲ್ಕಿಂಚಿನ ಗ್ರೈಂಡರಿನ ಬಿಲ್ಲೆ 16 ಮಿಲಿಮೀಟರ್. ನಡುವೆ ಸರಿಯಾದ ರಿಂಗ್ ಇಲ್ಲದಿದ್ದರೆ ಬ್ಲೇಡ್ ನಡು ತಪ್ಪಿ ಕೂರುತ್ತದೆ, ಅದು ಬೇರೆ ಕಥೆ.

ಕೊನೆಗೆ ಸ್ವಿಚ್. ಸಾ ಮಷಿನ್ನಿನ ಸ್ವಿಚ್ಚಿನಿಂದ ಬೆರಳು ತೆಗೆದರೆ ಆಫ್. ನಮ್ಮಲ್ಲಿ ಸಿಗುವ ಎಷ್ಟೋ ಗ್ರೈಂಡರುಗಳಲ್ಲಿ ಮುಂದಕ್ಕೆ ತಳ್ಳಿ ಲಾಕ್ ಮಾಡುವ ಸ್ವಿಚ್. ಕೈ ಬಿಟ್ಟರೂ ಓಡುತ್ತಲೇ ಇರುತ್ತದೆ.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಮಾಡಿದ್ದೇನೆ. ಹಿತ್ತಲ ಬೇವಿನ ಮರ ಕಡಿಸಿದಾಗ ಸಾ ಮಿಲ್ಲಿನಲ್ಲಿ ಒಂದಿಂಚಿನ ಹಲಗೆ ಮಾಡಿಸಿ ತಂದಿದ್ದೆ. ಊಟದ ಮಣೆ ಮಾಡುವ ಆಸೆ. ಎರಡು ಸ್ಟೂಲಿನ ಮೇಲೆ ಹಲಗೆ ಇಟ್ಟು ನಡುವೆ ಅಡ್ಡ ಕೊಯ್ಯತೊಡಗಿದೆ. ಮುಕ್ಕಾಲು ಪಾಲು ಬೆಣ್ಣೆಯ ಹಾಗೆ ಹೋಯಿತು. ಆಮೇಲೆ ಹಲಗೆಯ ನಡು ಕುಸಿದು, ಸೀಳಿನ ಬಾಯಿ ಮುಚ್ಚಿಕೊಂಡು, ಬ್ಲೇಡನ್ನು ಎರಡೂ ಕಡೆಯಿಂದ ಹಿಡಿಯಿತು. ಮಷಿನ್ ಒದ್ದಿದ್ದು ನನಗೆ ಕಾಣಲೇ ಇಲ್ಲ. ಕಂಡದ್ದು ಪ್ಯಾಂಟು. ಬಲತೊಡೆಯ ಮೇಲೆ ಗೇಣುದ್ದ ಹರಿದಿತ್ತು, ದರ್ಜಿ ಕತ್ತರಿ ಹಾಕಿದಷ್ಟು ನೀಟಾಗಿ. ಚರ್ಮಕ್ಕೆ ಬರೀ ಗೀರು. ಗ್ರೈಂಡರ್ ನೆಲದ ಮೇಲೆ ಕಿರುಚುತ್ತಾ ಸುತ್ತುತ್ತಿತ್ತು. ಓಡಿ ಬಂದು ಪ್ಲಗ್ ಕಿತ್ತವಳು ನನ್ನ ಹೆಂಡತಿ. ಆಗ ಒಂದು ಮಾತೂ ಆಡಲಿಲ್ಲ. ಮರುದಿನ ಆ ಪ್ಯಾಂಟಿನ ಕಾಲನ್ನು ಕತ್ತರಿಸಿ ಶೆಡ್ಡಿನ ಮೊಳೆಗೆ ಒರೆಸುವ ಬಟ್ಟೆ ಅಂತ ನೇತುಹಾಕಿದಳು, ಹರಿದ ಕಡೆ ಮುಂದೆ ಕಾಣುವ ಹಾಗೆ.

ಹಾಗಾದರೆ ಯಾವುದರಲ್ಲಿ ಕೊಯ್ಯುವುದು? ದುಡ್ಡಿದ್ದರೆ ಸರ್ಕ್ಯುಲರ್ ಸಾ. ಇಲ್ಲದಿದ್ದರೆ ಕೈಗರಗಸ, ಅದಕ್ಕೆ ಕರೆಂಟೂ ಬೇಡ. ಪ್ಲೈವುಡ್ ಆದರೆ ಅಳತೆ ಬರೆದುಕೊಂಡು ಹೋಗಿ, ಕೊಯ್ದು ಕೊಡುವ ಅಂಗಡಿಗಳಿವೆ. "ನಮ್ಮೂರ ಬಡಗಿಗಳು ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕ್ತಾರಲ್ಲ" ಅನ್ನುತ್ತೀರಿ. ಹಾಕುತ್ತಾರೆ. ಅದಕ್ಕೆ ಪಾದವಾದರೂ ಇದೆ, ಆದರೆ ಕೆಳಗಿನ ಗಾರ್ಡ್ ಇಲ್ಲ. ಅವರು ದಿನವಿಡೀ ಅದೇ ಕೆಲಸ ಮಾಡುವವರು, ನೀವು ಭಾನುವಾರದ ಬಡಗಿ. ಗ್ಲೌಸ್ ಹಾಕಿಕೊಂಡರೆ ಸಾಲದಾ ಅನ್ನುವವರಿಗೆ: ತಿರುಗುವ ಹಲ್ಲಿಗೆ ಗ್ಲೌಸ್ ಸಿಕ್ಕರೆ ಕೈಯನ್ನೂ ಒಳಗೆ ಎಳೆಯುತ್ತದೆ. ಲುಂಗಿಗೂ ಇದೇ ಮಾತು. ಸೆಕೆ ಇದೆ, ಒಪ್ಪಿದೆ. ಆದರೂ ಪ್ಯಾಂಟ್ ಹಾಕಿ.

ಗ್ರೈಂಡರನ್ನು ಮಾರಿಬಿಡಿ ಅಂತ ನಾನು ಹೇಳುತ್ತಿಲ್ಲ. ಗೇಟಿನ ತುಕ್ಕು ತೆಗೆಯಿರಿ. ಫ್ಲಾಪ್ ಡಿಸ್ಕ್, ಅಂದರೆ ಉಜ್ಜುಕಾಗದದ ಪಟ್ಟಿ ಜೋಡಿಸಿದ ಬಿಲ್ಲೆ, ಹಾಕಿ ಒರಟು ದಿಮ್ಮಿಯ ಮೈ ಉಜ್ಜಿ. ಆದರೆ ಅದರಲ್ಲಿ ಉಳಿ ಮಸೆಯಬೇಡಿ. ಇದನ್ನು ಯಾರೂ ಕೇಳಲಿಲ್ಲ, ಗೊತ್ತು. ಕೇಳದೆ ಮಾಡುತ್ತೀರಿ ಅಂತಲೇ ಹೇಳುತ್ತಿದ್ದೇನೆ. ಹೋದ ವಾರ ಒಬ್ಬ ಹುಡುಗ ತಂದ ಉಳಿಯ ತುದಿ ನವಿಲಿನ ಕತ್ತಿನ ಹಾಗೆ ನೀಲಿಯಾಗಿತ್ತು. ಚೆನ್ನಾಗಿ ಮಸೆದಿದ್ದೇನೆ ಅಂತ ಹೆಮ್ಮೆ ಬೇರೆ. ಆ ನೀಲಿ ಬಂತು ಅಂದರೆ ತುದಿ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಹೋಗಿದೆ ಅಂತ ಅರ್ಥ. ಹೊನ್ನೆ, ಮತ್ತಿಯಂಥ ಗಟ್ಟಿ ಮರಕ್ಕೆ ಇಟ್ಟು ಎರಡು ಏಟು ಹಾಕಿದರೆ ಅಂಚು ಮಡಚಿಕೊಳ್ಳುತ್ತದೆ.

ಆ ನೀಲಿ ಭಾಗ ಪೂರ್ತಿ ಹೋಗುವ ತನಕ ಸಾಣೆಕಲ್ಲಿನ ಮೇಲೆ ಕೈಯಲ್ಲೇ ಮಸೆಯಬೇಕು. ಕಲ್ಲಿಗೆ ನೀರು ಹಾಕಿ, ಉಳಿಯ ಓರೆ ಮೈಯನ್ನು 25 ಡಿಗ್ರಿಯಲ್ಲಿ ಹಿಡಿದು, ಅಲ್ಲಾಡಿಸದೆ ಉಜ್ಜಿ. ಅಂಚಿನ ಹಿಂದುಗಡೆ ಬೆರಳು ಆಡಿಸಿದರೆ ಒಂದು ಹೊತ್ತಿಗೆ ಸಣ್ಣ ಮುಳ್ಳಿನ ಹಾಗೆ ತಗಲುತ್ತದೆ, ಈ ಕೊನೆಯಿಂದ ಆ ಕೊನೆಯವರೆಗೆ. ಆಗ ಉಳಿಯನ್ನು ತಿರುಗಿಸಿ, ಚಪ್ಪಟೆ ಬೆನ್ನನ್ನು ಕಲ್ಲಿಗೆ ಪೂರ್ತಿ ಒತ್ತಿ ನಾಲ್ಕು ಸಲ ಎಳೆಯಿರಿ, ಆ ಮುಳ್ಳು ಉದುರುತ್ತದೆ. ಬೆನ್ನನ್ನು ಮಾತ್ರ ಎತ್ತಬೇಡಿ. ಎಲ್ಲರೂ ಎತ್ತುವುದು ಅಲ್ಲೇ.