ಫಂಕ್ಷನ್‌ಗೆ ಕೊಡಲೇಬೇಕಾದದ್ದು, ಬೇಕಾದರೆ ಕೊಡುವಂಥದ್ದು

ಫಂಕ್ಷನ್ ಎಂದರೆ ಪ್ರೋಗ್ರಾಮಿನಲ್ಲಿ ಒಂದು ಕೆಲಸ ಮಾಡಿಕೊಡುವ, ಹೆಸರಿಟ್ಟ ಭಾಗ. ಅದು ಕೆಲಸ ಮಾಡಲು ನಾವು ಹೊರಗಿನಿಂದ ಕೊಡುವ ಮಾಹಿತಿಗೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಕೆಲವನ್ನು ಕೊಡದಿದ್ದರೆ ಫಂಕ್ಷನ್ ಮುಂದೆ ಹೋಗುವುದಿಲ್ಲ. ಅವು ಕಡ್ಡಾಯ. ಇನ್ನು ಕೆಲವನ್ನು ಬಿಟ್ಟರೂ ನಡೆಯುತ್ತದೆ, ಯಾಕೆಂದರೆ ಫಂಕ್ಷನ್ ಬರೆದವರೇ ಆ ಜಾಗಕ್ಕೆ ಒಂದು ಡಿಫಾಲ್ಟ್, ಅಂದರೆ ನಾವು ಕೊಡದಿದ್ದಾಗ ಬಳಸುವ ಮಾಹಿತಿ, ಇಟ್ಟಿರುತ್ತಾರೆ. ಅವು ಐಚ್ಛಿಕ.

ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ಬಿಲ್ಲು ಲೆಕ್ಕ ಹಾಕುವ ಪ್ರೋಗ್ರಾಮ್ ಬೇಕು ಅಂತಿಟ್ಟುಕೊಳ್ಳಿ. ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು (ಕೀವರ್ಡ್‌ಗಳು, ಅಂದರೆ ಆ ಭಾಷೆಯ ಮೀಸಲು ಪದಗಳು, ಮಾತ್ರ ಇಂಗ್ಲಿಷಿನವೇ). ನಮ್ಮ ಫಂಕ್ಷನ್ ಹೀಗಿರಲಿ:

ಬಿಲ್ಲು(ತೂಕ, ದರ, ಗೋಣಿ=0)

ಕಿಲೋಗೆ 400 ರೂಪಾಯಿ ಅಂತ ಸುಮ್ನೆ ಹಿಡಿಯೋಣ. ಬಿಲ್ಲು(50, 400) ಎಂದರೆ 20000 ಬರುತ್ತದೆ. ಗೋಣಿಯ ತೂಕ ಒಂದು ಕಿಲೋ ಕಳೆಯಬೇಕಾದರೆ ಬಿಲ್ಲು(50, 400, ಗೋಣಿ=1), ಆಗ 19600. ಬರೀ ಬಿಲ್ಲು(50) ಎಂದರೆ? ದರ ಎಲ್ಲಿ ಎಂದು ಕೇಳಿ ಪೈಥಾನ್ ಅಲ್ಲೇ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆ ಹಾಗಲ್ಲ. ಕೊಡದ ಆರ್ಗ್ಯುಮೆಂಟನ್ನು ‘ಅನ್‌ಡಿಫೈನ್ಡ್’ ಎಂದು ಹಿಡಿದು, ಬಾಯಿ ಮುಚ್ಚಿಕೊಂಡು ಗುಣಿಸಿ, ಕೊನೆಗೆ ಸಂಖ್ಯೆಯೇ ಅಲ್ಲದ ಉತ್ತರ ಕೊಡುತ್ತದೆ.

ಹಾಗಾದರೆ ದರಕ್ಕೂ 400 ಎಂದು ಡಿಫಾಲ್ಟ್ ಇಟ್ಟುಬಿಟ್ಟರೆ ಟೈಪ್ ಮಾಡುವ ಕೆಲಸ ಉಳಿಯುತ್ತದೆ, ಅಲ್ವಾ? ಇಡಲೇಬಾರದು. ಹೊಸ ಅಡಿಕೆಗೊಂದು ದರ, ಹಳೆ ಅಡಿಕೆಗೊಂದು, ಕರಿಗೋಟಿಗೆ ಇನ್ನೊಂದು. ಅದೂ ಆಗಾಗ ಏರಿಳಿಯುತ್ತದೆ. ದರ ಹಾಕಲು ಮರೆತರೂ ಬಿಲ್ಲು ಮಾತ್ರ ಚೆಂದವಾಗಿ ಪ್ರಿಂಟ್ ಆಗುತ್ತದೆ, ಮೊತ್ತ ತಪ್ಪು. ಎರರ್ ಬಂದಿದ್ದರೆ ಯಾರಾದರೂ ನೋಡುತ್ತಿದ್ದರು. ಹೇಳದೇ ಇದ್ದಾಗಲೂ ಬಹುತೇಕ ಸಲ ಸರಿ ಹೋಗುವಂಥದ್ದಕ್ಕೆ ಮಾತ್ರ ಡಿಫಾಲ್ಟ್ ಇಡಬೇಕು ಎಂಬುದು ನನ್ನ ಲೆಕ್ಕ. ಕಡಿತ ಇಲ್ಲ ಎಂಬ ಸೊನ್ನೆ ಅಂಥದ್ದು.

ಬರೆಯುವಾಗ ಕಡ್ಡಾಯದ್ದು ಮೊದಲು, ಐಚ್ಛಿಕದ್ದು ಆಮೇಲೆ. ಹಿಂದುಮುಂದಾದರೆ ಯಾವ ಅಂಕಿ ಯಾವ ಜಾಗದ್ದೆಂದು ತಿಳಿಯದು, ಪೈಥಾನ್ ಅದನ್ನು ಒಪ್ಪುವುದೂ ಇಲ್ಲ. ಐಚ್ಛಿಕಗಳು ಜಾಸ್ತಿಯಾದರೆ ನಡುವೆ ಒಂದು ನಕ್ಷತ್ರ ಹಾಕಿ:

ಬಿಲ್ಲು(ತೂಕ, ದರ, *, ಗೋಣಿ=0, ಕೂಲಿ=0)

ನಕ್ಷತ್ರದ ಬಲಕ್ಕಿರುವುದನ್ನು ಹೆಸರು ಹೇಳಿಯೇ ಕೊಡಬೇಕು. ಬಿಲ್ಲು(50, 400, 1, 30) ಎಂದು ಒಗಟು ಬರೆಯಲು ಆಗುವುದಿಲ್ಲ. ನನಗಂತೂ ಇದು ಬಹಳ ಇಷ್ಟ. ಜಾವಾ ಎಂಬ ಮತ್ತೊಂದು ಭಾಷೆಯಲ್ಲಿ ಆರ್ಗ್ಯುಮೆಂಟಿಗೆ ಡಿಫಾಲ್ಟ್ ಎಂಬುದೇ ಇಲ್ಲ, ಫಂಕ್ಷನ್ನಿಗೆ ಅಲ್ಲಿ ಮೆಥಡ್ ಎನ್ನುತ್ತಾರೆ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಆರ್ಗ್ಯುಮೆಂಟ್‌ಗಳ ಮೆಥಡ್‌ಗಳನ್ನು ಬರೆದು ಸುಧಾರಿಸಬೇಕು.

ಪೈಥಾನ್‌ನಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ:

ಸೇರಿಸು(ಸರಕು, ಪಟ್ಟಿ=[])

ಇದು ಸರಕನ್ನು ಪಟ್ಟಿಗೆ ಸೇರಿಸುವ ಫಂಕ್ಷನ್, [] ಎಂದರೆ ಖಾಲಿ ಪಟ್ಟಿ. ಪಟ್ಟಿ ಕೊಡದಿದ್ದರೆ ಪ್ರತಿ ಸಲ ಹೊಸ ಖಾಲಿ ಪಟ್ಟಿ ಸಿಗುತ್ತದೆ ಎಂದು ಅನಿಸುತ್ತದೆ. ಸಿಗುವುದಿಲ್ಲ. ಡಿಫಾಲ್ಟ್ ತಯಾರಾಗುವುದು ಒಂದೇ ಸಲ, ಫಂಕ್ಷನ್ ಅನ್ನು ಘೋಷಿಸಿದಾಗ. ಆಮೇಲೆ ಎಲ್ಲ ಕರೆಗಳಿಗೂ, ಅಂದರೆ ಫಂಕ್ಷನ್ ಅನ್ನು ಬಳಸಿದಾಗಲೆಲ್ಲ, ಅದೇ ಪಟ್ಟಿ. ಹಾಗಾಗಿ ಪೆರ್ಲದವರು ತಂದ ಹೊಸ ಅಡಿಕೆ, ಅವರ ನಂತರ ಬಂದ ಮುಳ್ಳೇರಿಯದವರ ಬಿಲ್ಲಿನಲ್ಲೂ ಕಾಣಿಸಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಈ ಕಾಟ ಇಲ್ಲ, ಅಲ್ಲಿ ಪ್ರತಿ ಕರೆಗೂ ಡಿಫಾಲ್ಟ್ ಹೊಸದಾಗಿ ಹುಟ್ಟುತ್ತದೆ. ಪೈಥಾನ್‌ನಲ್ಲಿ ಡಿಫಾಲ್ಟ್ ಜಾಗದಲ್ಲಿ ‘ನನ್’ (None), ಅಂದರೆ ‘ಏನೂ ಇಲ್ಲ’ ಎಂದು ಇಡಿ. ಫಂಕ್ಷನ್ ಒಳಗೆ ಅದನ್ನು ಪರೀಕ್ಷಿಸಿ, ಏನೂ ಇಲ್ಲದಿದ್ದರೆ ಅಲ್ಲೇ ಹೊಸ ಪಟ್ಟಿ ಮಾಡಿಕೊಳ್ಳಿ.