ರೋಆಲ್ಡ್ ಡಾಲ್ ಪುಸ್ತಕಗಳ ತಿದ್ದುಪಡಿ: ಆರು ದಶಕಗಳ ಹಿನ್ನೆಲೆ

ರೋಆಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳು ಈಗ ಬ್ರಿಟನ್ನಿನಲ್ಲಿ ಎರಡು ಪಾಠಗಳಲ್ಲಿ, ಅಂದರೆ ಬರಹದ ಎರಡು ರೂಪಗಳಲ್ಲಿ, ಮಾರಾಟವಾಗುತ್ತಿವೆ. ಮಕ್ಕಳ ಪುಸ್ತಕಗಳ ಪ್ರಕಾಶನವಾದ ಪಫಿನ್ ಮುದ್ರೆಯಡಿ ಬರುವ ಒಂದರಲ್ಲಿ ನೂರಾರು ಪದಗಳೂ ವಾಕ್ಯಗಳೂ ಬದಲಾಗಿವೆ. ಅದರ ವಿರುದ್ಧ 2023ರ ಫೆಬ್ರುವರಿಯಲ್ಲಿ ಗದ್ದಲವೆದ್ದಾಗ ಪ್ರಕಾಶಕರು ಹಳೆಯ ಪಾಠವನ್ನೇ ಉಳಿಸಿಕೊಂಡ ‘ಕ್ಲಾಸಿಕ್ ಕಲೆಕ್ಷನ್’ ಎಂಬ 17 ಪುಸ್ತಕಗಳ ಇನ್ನೊಂದು ಸರಣಿಯನ್ನು ಘೋಷಿಸಿದರು. ಲೇಖಕರ ಮಾತನ್ನು ಮುಟ್ಟಬಾರದು ಎಂದವರಿಗೆ ಅಷ್ಟರಮಟ್ಟಿಗೆ ಸಮಾಧಾನವಾಯಿತು. ಆದರೆ ಆ ಹಳೆಯ ಪಾಠ ಎಷ್ಟು ಹಳೆಯದು ಎಂಬುದು ತಿಳಿಯಬೇಕಾದರೆ ಈ ಜಗಳವನ್ನು 1964ರಿಂದಲೇ ನೋಡಿಕೊಂಡು ಬರಬೇಕು.

ಡಾಲ್ ಹುಟ್ಟಿದ್ದು 1916ರಲ್ಲಿ, ವೇಲ್ಸ್‌ನ ಕಾರ್ಡಿಫ್ ಬಳಿಯ ಲ್ಯಾಂಡಫ್‌ನಲ್ಲಿ, ನಾರ್ವೆಯಿಂದ ಬಂದು ನೆಲೆಸಿದ್ದ ದಂಪತಿಯ ಮಗನಾಗಿ. ಶೆಲ್ ತೈಲ ಕಂಪನಿಯ ನೌಕರರಾಗಿ ಅವರು ಪೂರ್ವ ಆಫ್ರಿಕದ ದಾರ್ ಎಸ್ ಸಲಾಮ್‌ಗೆ ಹೋದರು, ಯುದ್ಧ ಬಂದಾಗ ವಾಯುಪಡೆ ಸೇರಿದರು, 1942ರಲ್ಲಿ ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿದ್ದಾಗ ಬರವಣಿಗೆಗೆ ಇಳಿದರು, ದೊಡ್ಡವರಿಗಾಗಿ ಬರೆದ ಸಣ್ಣ ಕತೆಗಳಿಂದ ಹೆಸರಾದರು. ಮಕ್ಕಳ ಲೇಖಕರಾಗಿ ಅವರು ನೆಲೆಗೊಂಡದ್ದು 1961ರ ‘ಜೇಮ್ಸ್ ಅಂಡ್ ದ ಜಯಂಟ್ ಪೀಚ್’ ಬಂದ ಮೇಲೆ, ನಲವತ್ತೈದರ ಆಸುಪಾಸಿನಲ್ಲಿ.

ಮೊದಲ ತಕರಾರು ಬಂದದ್ದು 1964ರ ‘ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ಗೆ. ಅದರ ಮೊದಲ ಮುದ್ರಣದಲ್ಲಿ ಕಾರ್ಖಾನೆಯ ಕೆಲಸಗಾರರಾದ ಊಂಪಾ ಲೂಂಪಾಗಳು ಆಫ್ರಿಕದ ಕಾಡಿನಿಂದ ತಂದ ಕಪ್ಪು ಬಣ್ಣದ ಕುಳ್ಳರು. ಗಾಳಿಗೆಂದು ತೂತು ಕೊರೆದ ಪೆಟ್ಟಿಗೆಗಳಲ್ಲಿ ಕದ್ದು ಸಾಗಿಸಿ ತಂದ ಇವರಿಗೆ ಕೂಲಿಯಾಗಿ ಸಿಗುತ್ತಿದ್ದದ್ದು ಕೋಕೋ ಬೀಜ. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಚಳವಳಿ ನಡೆಯುತ್ತಿದ್ದ ಕಾಲದಲ್ಲಿ ಇದು ಗುಲಾಮಗಿರಿಯ ಚಿತ್ರವಾಗಿ ಕಾಣದಿರಲು ಸಾಧ್ಯವಿರಲಿಲ್ಲ. ಪುಸ್ತಕ ಸಿನಿಮಾ ಆಗುತ್ತಿರುವ ಸುದ್ದಿ ತಿಳಿದಾಗ ಕರಿಯರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ಆಕ್ಷೇಪ ಎತ್ತಿತು. 1971ರಲ್ಲಿ ತೆರೆಗೆ ಬಂದ ಊಂಪಾ ಲೂಂಪಾಗಳಿಗೆ ಕಿತ್ತಳೆ ಮುಖ, ಹಸಿರು ಕೂದಲು. 1972ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಮೀಸಲಾದ ‘ಹಾರ್ನ್ ಬುಕ್’ ಪತ್ರಿಕೆಯಲ್ಲಿ ಲೇಖಕಿ ಎಲೀನರ್ ಕ್ಯಾಮರನ್ ಪುಸ್ತಕವನ್ನು ಕಟುವಾಗಿ ಟೀಕಿಸಿದಾಗ ಡಾಲ್ ಅಷ್ಟೇ ಬಿರುಸಾಗಿ ಉತ್ತರಿಸಿದರು. ಆದರೂ 1973ರ ಪರಿಷ್ಕೃತ ಮುದ್ರಣದಲ್ಲಿ ಅವರೇ ಆ ಭಾಗವನ್ನು ತಿದ್ದಿದರು. ಆಫ್ರಿಕ ಹೋಗಿ ಲೂಂಪಾಲ್ಯಾಂಡ್ ಬಂತು, ಕಪ್ಪು ಮೈ ಹೋಗಿ ಗುಲಾಬಿ ಬಿಳುಪು ಬಂತು. ಪೆಟ್ಟಿಗೆಯೂ ಕೋಕೋ ಬೀಜದ ಕೂಲಿಯೂ ಇದ್ದಲ್ಲೇ ಇದ್ದವು. ಬಣ್ಣ ಬದಲಾದರೆ ಸಾಕು, ವ್ಯವಸ್ಥೆ ಹಾಗೇ ಇರಲಿ ಎಂಬ ಈ ರಾಜಿಯನ್ನು ಆಗ ಯಾರೂ ಸೆನ್ಸಾರ್ ಎಂದು ಕರೆಯಲಿಲ್ಲ.

ಡಾಲ್ ಬರೆಯುತ್ತಿದ್ದ ರೀತಿಯನ್ನು ಗಮನಿಸಿದರೆ ಅವರೇ ತಮ್ಮ ಬರಹವನ್ನು ತಿದ್ದಿದ್ದರಲ್ಲಿ ಆಶ್ಚರ್ಯವೇನಿಲ್ಲ. ಗ್ರೇಟ್ ಮಿಸ್ಸೆಂಡನ್ ಎಂಬ ಹಳ್ಳಿಯ ತಮ್ಮ ತೋಟದ ಗುಡಿಸಲಿನಲ್ಲಿ ಹಳೆಯ ಆರಾಮಕುರ್ಚಿಯೊಂದರಲ್ಲಿ ಕುಳಿತು, ಹಸಿರು ಬಟ್ಟೆ ಹೊದಿಸಿದ ಹಲಗೆಯನ್ನು ಮುಂದಿಟ್ಟುಕೊಂಡು, ಹಳದಿ ಕಾಗದದ ಮೇಲೆ ಹಳದಿ ಪೆನ್ಸಿಲ್‌ನಲ್ಲಿ ಅವರು ಬರೆಯುತ್ತಿದ್ದರು, ಪಕ್ಕದಲ್ಲೇ ರಬ್ಬರು. ಹೊಡೆದುಹಾಕಿ ಮತ್ತೆ ಬರೆಯುವುದೇ ಅವರ ಕಸುಬು. 1980ರ ದಶಕದಲ್ಲಿ ನ್ಯೂಯಾರ್ಕಿನ ಸಂಪಾದಕ ಸ್ಟೀಫನ್ ರಾಕ್ಸ್‌ಬರ್ಗ್ ಪುಟಗಟ್ಟಲೆ ಸಲಹೆಗಳನ್ನು ಕಳಿಸುತ್ತಿದ್ದರು, ಡಾಲ್ ಬಹುಪಾಲನ್ನು ಒಪ್ಪುತ್ತಿದ್ದರು. ‘ಮಟಿಲ್ಡಾ’ದ ಮೊದಲ ಕರಡಿನಲ್ಲಿ ಆ ಹುಡುಗಿ ದುಷ್ಟೆಯಾಗಿದ್ದಳು, ಕುದುರೆ ರೇಸಿನಲ್ಲಿ ಕೈಚಳಕ ತೋರಿಸಿ ಕೊನೆಗೆ ಸಾಯುತ್ತಿದ್ದಳು. ಇಂದು ಮಕ್ಕಳು ಮೆಚ್ಚುವ, ಗ್ರಂಥಾಲಯವನ್ನೇ ಓದಿ ಮುಗಿಸುವ ಮಟಿಲ್ಡಾ ಹುಟ್ಟಿದ್ದು ತಿದ್ದುಪಡಿಯಿಂದ.

ಆತ್ಮಕಥನದ ವಿಷಯದಲ್ಲಂತೂ ಮೂಲ ಯಾವುದು ಎಂಬ ಪ್ರಶ್ನೆ ಇನ್ನೂ ಜಟಿಲ. ‘ದ ವಿಚಸ್’ನ ಹಸ್ತಪ್ರತಿಯ ಆರಂಭದಲ್ಲಿದ್ದ, ಡಾಲ್ ಅವರ ಸ್ವಂತ ಬಾಲ್ಯದ ಭಾಗವನ್ನು ತೆಗೆದುಬಿಡಲು ರಾಕ್ಸ್‌ಬರ್ಗ್ ಸೂಚಿಸಿದ್ದರಿಂದ 1984ರ ‘ಬಾಯ್’ಗೆ ಬೀಜ ಸಿಕ್ಕಿತು. ಇದು ಆತ್ಮಚರಿತ್ರೆಯಲ್ಲ ಎಂದು ಡಾಲ್ ಮೊದಲೇ ಹೇಳಿಕೊಂಡಿದ್ದಾರೆ. ಹಾಗೆ ಹೇಳಿದ್ದು ಒಳ್ಳೆಯದೇ ಆಯಿತು. ರೆಪ್ಟನ್ ಶಾಲೆಯಲ್ಲಿ ಹುಡುಗನೊಬ್ಬನನ್ನು ಬೆತ್ತದಿಂದ ಅಮಾನುಷವಾಗಿ ಬಡಿದ ಮುಖ್ಯೋಪಾಧ್ಯಾಯರೇ ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿ ರಾಣಿ ಎಲಿಜಬೆತ್ ಅವರಿಗೆ ಕಿರೀಟ ತೊಡಿಸಿದರು ಎಂದು ಅದರಲ್ಲಿದೆ. ಆ ಏಟು ಬಿದ್ದದ್ದು 1933ರಲ್ಲಿ, ಮುಂದೆ ಆರ್ಚ್‌ಬಿಷಪ್ ಆದ ಜೆಫ್ರಿ ಫಿಶರ್ ಅದರ ಹಿಂದಿನ ವರ್ಷವೇ ಶಾಲೆ ಬಿಟ್ಟಿದ್ದರು ಎಂದು ಜೀವನಚರಿತ್ರೆಕಾರರು ತೋರಿಸಿದ್ದಾರೆ. ಹಾಗೆಯೇ, 1940ರಲ್ಲಿ ಲಿಬಿಯದ ಮರುಭೂಮಿಯಲ್ಲಿ ತಮ್ಮ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರೆಂಬ ಕತೆ 1942ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಯಿತು. ದಾರಿ ಸಿಗದೆ ನೆಲಕ್ಕಿಳಿಯಲು ಹೋಗಿ ಅಪ್ಪಳಿಸಿತೆಂದು ‘ಗೋಯಿಂಗ್ ಸೋಲೋ’ ಹೇಳಿದ್ದು 1986ರಲ್ಲಿ.

ಇದಕ್ಕಿಂತ ಗಂಭೀರವಾದ ಆರೋಪ ಪುಸ್ತಕಗಳ ಹೊರಗಿನದು. 1983ರಲ್ಲಿ ಡಾಲ್ ಒಂದು ಪುಸ್ತಕ ವಿಮರ್ಶೆಯಲ್ಲೂ ಸಂದರ್ಶನದಲ್ಲೂ ಯಹೂದ್ಯರ ವಿರುದ್ಧ ಆಡಿದ ಮಾತುಗಳು ಯಾವ ಕಾಲದ ಅಳತೆಯಿಂದಲೂ ಸಮರ್ಥಿಸುವಂಥವಲ್ಲ. ಅವರು 1990ರಲ್ಲಿ ತೀರಿಕೊಂಡ ಮೂರು ದಶಕಗಳ ಮೇಲೆ, 2020ರಲ್ಲಿ, ಕುಟುಂಬ ಅದಕ್ಕಾಗಿ ಕ್ಷಮೆ ಕೇಳಿತು. ಅದೇ ವರ್ಷ ಪುಸ್ತಕಗಳ ಭಾಷೆಯ ಪರಿಶೀಲನೆಯೂ ಶುರುವಾಯಿತು. 2021ರಲ್ಲಿ ಹಕ್ಕುಗಳ ಒಡೆತನ ನೆಟ್‌ಫ್ಲಿಕ್ಸ್‌ಗೆ ಹೋಯಿತು. ಈ ಸಂಗತಿಗಳು ಒಂದರ ಬೆನ್ನಿಗೊಂದು ನಡೆದದ್ದರಿಂದ ಯಾವುದು ಪಶ್ಚಾತ್ತಾಪ, ಯಾವುದು ವ್ಯಾಪಾರ ಎಂದು ಬಿಡಿಸಿ ಹೇಳುವುದು ಕಷ್ಟವಾಗಿದೆ.

ಬದಲಾವಣೆಗಳನ್ನು ಪಟ್ಟಿ ಮಾಡಿ ಪ್ರಕಟಿಸಿದ್ದು ‘ಡೈಲಿ ಟೆಲಿಗ್ರಾಫ್’. ‘ಚಾರ್ಲಿ’ಯ ತಿಂಡಿಪೋತ ಹುಡುಗ ಅಗಸ್ಟಸ್ ಗ್ಲೂಪ್ ‘ದಪ್ಪ’ ಎನ್ನಿಸಿಕೊಳ್ಳದೆ ‘ಭಾರೀ ಗಾತ್ರ’ದವನಾಗಿದ್ದ, ‘ದ ಟ್ವಿಟ್ಸ್’ನ ಶ್ರೀಮತಿ ಟ್ವಿಟ್ ಕುರೂಪಿಯಾಗಿ ಉಳಿದಿರಲಿಲ್ಲ. ಓದಿನ ಮೂಲಕ ಕಿಪ್ಲಿಂಗ್ ಜೊತೆ ಭಾರತಕ್ಕೆ ಬರುತ್ತಿದ್ದ ಮಟಿಲ್ಡಾ ಸ್ಟೈನ್‌ಬೆಕ್ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೋದಳು. ನಮ್ಮ ದೇಶ ಆ ಸಾಲಿನಿಂದ ಹೊರಬಿದ್ದದ್ದು ಹೀಗೆ. ‘ದ ವಿಚಸ್’ನಲ್ಲಿ ಬೋಳುತಲೆಗೆ ವಿಗ್ ಧರಿಸುವ ಮಾಟಗಾತಿಯರ ವರ್ಣನೆಗೆ, ಹೆಂಗಸರು ವಿಗ್ ಧರಿಸಲು ಬೇರೆ ಕಾರಣಗಳೂ ಇರುತ್ತವೆ, ಅದರಲ್ಲಿ ತಪ್ಪೇನಿಲ್ಲ ಎಂಬ ಹೊಸ ವಾಕ್ಯ ಸೇರಿತ್ತು. ತೆಗೆದದ್ದಕ್ಕಿಂತ ಹೀಗೆ ಸೇರಿಸಿದ್ದು ಹೆಚ್ಚು ಚುಚ್ಚುತ್ತದೆ, ಏಕೆಂದರೆ ಉಪದೇಶ ಮಾಡುವ ದೊಡ್ಡವರನ್ನು ಗೇಲಿ ಮಾಡುವುದೇ ಡಾಲ್ ಅವರ ಶೈಲಿಯ ಜೀವ. ಸಲ್ಮಾನ್ ರಶ್ದಿ ಇದನ್ನು ಅಸಂಬದ್ಧ ಸೆನ್ಸಾರ್ ಎಂದರು. ಮಕ್ಕಳ ಲೇಖಕ ಫಿಲಿಪ್ ಪುಲ್‌ಮನ್ ಮಾತ್ರ, ತಿದ್ದುವ ಬದಲು ಈ ಪುಸ್ತಕಗಳ ಮುದ್ರಣ ತಾನಾಗಿ ನಿಂತುಹೋಗಲಿ, ಮಕ್ಕಳು ಈಗಿನ ಲೇಖಕರನ್ನು ಓದಲಿ ಎಂದರು. ಸುದ್ದಿ ಬಂದ ಒಂದು ವಾರದೊಳಗೆ ಕ್ಲಾಸಿಕ್ ಸರಣಿಯ ಘೋಷಣೆ ಹೊರಬಿತ್ತು.

ಆ ಸರಣಿಯಲ್ಲಿರುವ ‘ಚಾರ್ಲಿ’ಯಲ್ಲೂ ಊಂಪಾ ಲೂಂಪಾಗಳು ಬರುವುದು ಲೂಂಪಾಲ್ಯಾಂಡ್‌ನಿಂದಲೇ. ಅಂದರೆ ಅದು 1973ರಲ್ಲಿ ತಿದ್ದಿದ ಪಾಠ. 1964ರದ್ದು ಇಂದು ಸಿಗುವುದು ಹಳೆಯ ಪ್ರತಿಗಳನ್ನು ಸಂಗ್ರಹಿಸುವವರ ಬಳಿ ಮಾತ್ರ. ಲೇಖಕರು ಸತ್ತು 70 ವರ್ಷವಾಗುವವರೆಗೆ ಕೃತಿಸ್ವಾಮ್ಯ ಉಳಿಯುವ ಬ್ರಿಟನ್ನಿನಲ್ಲಿ 2060ರ ಕೊನೆಯವರೆಗೂ ಯಾವ ಪಾಠ ಅಚ್ಚಾಗಬೇಕೆಂಬುದು ಹಕ್ಕುದಾರರ ನಿರ್ಧಾರ. ಆಮೇಲೆ ಮೂರರಲ್ಲಿ ಯಾವುದನ್ನು ಮರುಮುದ್ರಿಸಬೇಕೆಂದು ಪ್ರತಿಯೊಬ್ಬ ಪ್ರಕಾಶಕರೂ ತಾವೇ ಆಯ್ದುಕೊಳ್ಳಬೇಕಾಗುತ್ತದೆ.